ಅಪ್ಪನ ಏಳನೇ ನಮೂನೆ

ನಿನ್ನೆ ಅಪ್ಪನ ವೈಕುಂಠ ಸಮಾರಾಧನೆ ಮುಗಿಯಿತು. ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದ ವೃದ್ಧರೊಬ್ಬರು ಕೈ ತೊಳೆದು ಬಂದು, "ನಮ್ಮ ಏಳನೇ ನಮೂನೆ ಬರೆದುಕೊಟ್ಟವರು ನಿಮ್ಮ ತಂದೆಯವರು" ಎಂದು ಕಣ್ಣೊರೆಸಿಕೊಂಡರು.

1974ರ ಭೂಸುಧಾರಣೆಯ ಕಾಲ. ಉಳುವ ನೆಲದ ಒಡೆತನ ಕೋರಿ ಗೇಣಿದಾರರು ಸಲ್ಲಿಸಬೇಕಿದ್ದ ಅರ್ಜಿಯೇ ಏಳನೇ ನಮೂನೆ. ಪುತ್ತೂರಿನ ನಮ್ಮ ಮನೆಯ ಜಗಲಿಯಲ್ಲಿ ಬೆಳಗಾಗುವ ಮೊದಲೇ ಗೇಣಿದಾರರು ಬಂದು ಕುಳಿತಿರುತ್ತಿದ್ದರು. ಗೇಣಿ ಚೀಟಿಯಿಲ್ಲದವರಿಗೂ ಅಪ್ಪ ಅರ್ಜಿ ಬರೆದರು, ಶುಲ್ಕ ಕೇಳಲಿಲ್ಲ. ನಮ್ಮದೇ ಗದ್ದೆ ಒಕ್ಕಲಿನವರ ಪಾಲಾದಾಗಲೂ ಅವರ ಮುಖ ಸಣ್ಣದಾಗಲಿಲ್ಲ. ಅವರನ್ನು ನಾನು ಅತ್ಯಂತ ಗೌರವಿಸುವುದು ಈ ಒಂದು ಕಾರಣಕ್ಕೆ.

ವಕೀಲಿಕೆ ಬಿಟ್ಟ ಮೇಲೆ ಅಮ್ಮನೇ ಅವರ ಲೋಕವಾದರು. ಆಕೆಯ ಮಾತ್ರೆಗಳನ್ನು ದಿನಾಂಕ ಬರೆದ ಲಕೋಟೆಗಳಲ್ಲಿ ಹಾಕಿ, ಕಡತದಂತೆ ದಾರ ಸುತ್ತಿ ಇಡುತ್ತಿದ್ದರು. ಇಂದು ಬೆಳಿಗ್ಗೆ ಮೇಜಿನ ಡ್ರಾಯರ್ ತೆರೆದೆ. ಮುಂದಿನ ತಿಂಗಳ ಮೂವತ್ತು ಲಕೋಟೆಗಳೂ ಸಿದ್ಧವಾಗಿದ್ದವು.