ಕನ್ನಡಿಯಲ್ಲಿ ಕಾಣದ ಹುಡುಗ

ಹಸಿರು ದೀಪ ಬಿದ್ದು ಎರಡು ಮೂರು ಸೆಕೆಂಡು ಕಳೆದಿತ್ತು. ವೃತ್ತದ ನಡುವೆ ನಿಂತಿದ್ದ ಸಂಚಾರ ಪೊಲೀಸರು ಮಾತ್ರ ನನ್ನ ಲಾರಿಯತ್ತ ಮುಖಮಾಡಿ, ಕೈಯನ್ನು ನೆಟ್ಟಗೆ ಮೇಲೆತ್ತಿ ಹಾಗೆಯೇ ನಿಂತಿದ್ದರು. ಹಿಂದಿನಿಂದ ಒಂದೇ ಸಮನೆ ಹಾರ್ನ್. ಗಾಡಿಯಲ್ಲಿ ಭರ್ತಿ ಲೋಡ್ ಇತ್ತು, ಹೊತ್ತಿಗೆ ಸರಿಯಾಗಿ ಗೋದಾಮು ತಲುಪುವ ಅವಸರವೂ ಇತ್ತು. ದೀಪ ಹಸಿರಾಗಿದೆ, ದಾರಿ ನನ್ನದು ಎಂದುಕೊಂಡು ಬ್ರೇಕ್ ಸಡಿಲಿಸಿದೆ. ಲಾರಿ ಒಂದು ಗೇಣು ಮುಂದಕ್ಕೆ ಜರುಗಿತು. ಅವರು ಜೋರಾಗಿ ಸೀಟಿ ಊದಿ, ಓಡಿಬಂದು ನನ್ನ ಎಡಬದಿಯ ಮುಂಚಕ್ರದ ಪಕ್ಕ ಬಗ್ಗಿದರು. ಎದ್ದಾಗ ಅವರ ಒಂದು ಕೈಯಲ್ಲಿ ಸೈಕಲ್, ಇನ್ನೊಂದು ಕೈಯಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗನ ತೋಳು. ಸೈಕಲ್ಲಿನ ಚೈನು ಕಳಚಿತ್ತು. ಅದನ್ನು ಹಾಕಲು ಅವನು ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಬೆರಳಿಗೆಲ್ಲ ಕಪ್ಪು ಗ್ರೀಸು ಮೆತ್ತಿತ್ತು.

ನನ್ನ ಯಾವ ಕನ್ನಡಿಯಲ್ಲಿಯೂ ಆ ಹುಡುಗ ಇರಲಿಲ್ಲ.

ಹುಡುಗನನ್ನು ದಾಟಿಸಿದ ಮೇಲೆ ಅವರು ಗಾಡಿಯನ್ನು ವೃತ್ತದಾಚೆ ಬದಿಗೆ ನಿಲ್ಲಿಸುವಂತೆ ಸನ್ನೆ ಮಾಡಿದರು. ದಂಡ ಖಚಿತ ಎಂದುಕೊಂಡು ಕಾಗದಪತ್ರ ತೆಗೆದಿಟ್ಟುಕೊಂಡೆ. ಅವರು ಬಂದವರೇ, "ಕಾಗದ ಆಮೇಲೆ ನೋಡೋಣ. ನೀವು ಸೀಟಿನಲ್ಲಿಯೇ ಕುಳಿತಿರಿ" ಎಂದರು. ಎಡಬದಿಗೆ ಹೋಗಿ ಹುಡುಗ ಇದ್ದಂಥದೇ ಜಾಗದಲ್ಲಿ ನಿಂತು, "ಈಗ ಕಾಣಿಸುತ್ತೇನೆಯೇ?" ಎಂದು ಕೂಗಿದರು. ಕಿಟಕಿಯ ಅಂಚಿನಲ್ಲಿ ಅವರ ಟೋಪಿಯ ಮೇಲ್ಭಾಗ ಕಂಡಿತು, ಅಷ್ಟೇ. "ಈಗ?" ಎಂದು ಬಗ್ಗಿದರು. ಟೋಪಿಯೂ ಇಲ್ಲವಾಯಿತು. ಬೆಳೆದ ಗಂಡಸೊಬ್ಬ, ಅದೂ ಸಮವಸ್ತ್ರ ತೊಟ್ಟವರು, ನನ್ನಿಂದ ಕೆಲವೇ ಅಡಿ ದೂರದಲ್ಲಿ ಮಾಯವಾಗಿದ್ದರು.

"ನಾನು ಕೈ ಎತ್ತುವುದು ನಿಮಗೆ ಕಾಣದ್ದು ನನಗೆ ಕಾಣುತ್ತದೆ ಎಂದು ಹೇಳುವುದಕ್ಕೆ" ಎಂದರು. ಆಮೇಲೆ ಕಾಗದ ನೋಡಿ, ಎಲ್ಲ ಸರಿಯಿದೆ ಎಂದು ಹಿಂದಿರುಗಿಸಿದರು.

ಆಗ ನಾನು ಲಾರಿ ಹತ್ತಿ ನಾಲ್ಕು ವರ್ಷವಾಗಿತ್ತು. ಈಗ ಹದಿನೆಂಟು. ಈಚೆಗೆ ಹೊಸ ಚಾಲಕರ ಪಕ್ಕದಲ್ಲಿ ಕುಳಿತು ಕಲಿಸುವ ಕೆಲಸವೂ ಸೇರಿಕೊಂಡಿದೆ. ಹೊಸಬರು ಬಹುತೇಕ ಒಂದೇ ಪ್ರಶ್ನೆ ಕೇಳುತ್ತಾರೆ: ದೀಪ ಒಂದು ಹೇಳಿ, ಪೊಲೀಸರು ಇನ್ನೊಂದು ಹೇಳಿದರೆ ಯಾವುದನ್ನು ಪಾಲಿಸಬೇಕು? ಪೊಲೀಸರನ್ನು. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲಿಯೂ ಇದು ಸ್ಪಷ್ಟವಾಗಿದೆ: ಅಧಿಕಾರಿಯ ಸನ್ನೆ ದೀಪಕ್ಕಿಂತಲೂ ಫಲಕಕ್ಕಿಂತಲೂ ದೊಡ್ಡದು. ಮೇಲಕ್ಕೆತ್ತಿದ ಕೈ ಎಲ್ಲರಿಗೂ 'ನಿಲ್ಲಿ' ಎಂದು ಹೇಳುತ್ತದೆ. ಸುರಕ್ಷಿತವಾಗಿ ನಿಲ್ಲಲಾರದಷ್ಟು ಹತ್ತಿರ ಬಂದಿರುವವರಿಗೆ ಮಾತ್ರ ವಿನಾಯಿತಿ. ಅಡ್ಡಕ್ಕೆ ಚಾಚಿದ ತೋಳು, ಆ ತೋಳಿನ ದಿಕ್ಕನ್ನು ಕತ್ತರಿಸಿಕೊಂಡು ಬರುವವರನ್ನು ನಿಲ್ಲಿಸುತ್ತದೆ. ದೀಪಕ್ಕೆ ಹೊತ್ತು ಮಾತ್ರ ಗೊತ್ತು, ಚೈನು ಕಳಚಿದ ಸೈಕಲ್ ಗೊತ್ತಿಲ್ಲ. ಲಂಡನ್ನಿನ ಸಂಸತ್ತಿನ ಎದುರು 1868ರಲ್ಲಿ ನೆಟ್ಟ ಮೊದಲ ಸಂಚಾರ ದೀಪ ಗ್ಯಾಸಿನಿಂದ ಉರಿಯುತ್ತಿತ್ತು; ಅದನ್ನು ಕೈಯಿಂದ ನಡೆಸಲು ಒಬ್ಬ ಪೊಲೀಸ್ ಪಕ್ಕದಲ್ಲಿಯೇ ನಿಲ್ಲಬೇಕಿತ್ತು. ಮರುವರ್ಷದ ಜನವರಿಯಲ್ಲಿ ಅದು ಸ್ಫೋಟಿಸಿ ಆತ ಗಾಯಗೊಂಡ. ದೀಪ ಬಂದ ದಿನದಿಂದಲೂ ಅದರ ಬುಡದಲ್ಲಿ ಒಬ್ಬ ಮನುಷ್ಯ ಅಪಾಯ ಹೊತ್ತು ನಿಂತಿದ್ದಾನೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಇನ್ನು ತಿರುವಿನ ವಿಷಯ. ದೊಡ್ಡ ಗಾಡಿ ಓಡಿಸದವರು ಇದನ್ನು ದಯವಿಟ್ಟು ತಾಳ್ಮೆಯಿಂದ ಓದಬೇಕು. ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿಯೇ ಬರುವುದಿಲ್ಲ. ಒಳಕ್ಕೆ, ಮೂಲೆಯ ಕಡೆಗೆ ಕತ್ತರಿಸಿಕೊಂಡು ಬರುತ್ತವೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ ಹೆಚ್ಚಿದಷ್ಟೂ ಈ ಕತ್ತರಿಸುವಿಕೆಯೂ ಹೆಚ್ಚು. ಹಿಂದಿನ ಚಕ್ರ ಕಾಲುದಾರಿಯ ಮೇಲೆ ಹತ್ತದಿರಲಿ ಎಂದು ನಾವು ಮೊದಲು ತುಸು ಬಲಕ್ಕೆ ಸರಿದು, ಆಮೇಲೆ ಎಡಕ್ಕೆ ಎಳೆಯುತ್ತೇವೆ. ಆಗ ಎಡಬದಿಯಲ್ಲಿ ಒಂದು ಜಾಗ ತೆರೆದುಕೊಳ್ಳುತ್ತದೆ. ಹಿಂದಿನಿಂದ ಬರುವ ಬೈಕಿನವರಿಗೆ ಲಾರಿ ಬಲಕ್ಕೆ ಹೋಗುತ್ತಿರುವಂತೆ, ತಮಗೆ ದಾರಿ ಬಿಟ್ಟುಕೊಟ್ಟಂತೆ ಕಾಣುತ್ತದೆ. ಅವರು ಅಲ್ಲಿಗೆ ನುಗ್ಗುತ್ತಾರೆ. ಮರುಗಳಿಗೆಯಲ್ಲಿ ಆ ಜಾಗ ಮುಚ್ಚಿಕೊಳ್ಳುತ್ತದೆ, ಮುಚ್ಚುವುದು ಹಿಂದಿನ ಚಕ್ರ. ಹಿಂದೆ ಟ್ರೇಲರ್ ಜೋಡಿಸಿದ ಲಾರಿಯಾದರೆ, ಇಷ್ಟು ಹೊತ್ತಿಗೆ ಕ್ಯಾಬಿನ್ ಎಡಕ್ಕೆ ತಿರುಗಿರುವುದರಿಂದ ಎಡಗನ್ನಡಿಯಲ್ಲಿ ಬರಿಯ ಟ್ರೇಲರಿನ ಮೈ ಕಾಣುತ್ತದೆಯೇ ಹೊರತು ಅದರ ಪಕ್ಕದ ಬೈಕ್ ಕಾಣುವುದಿಲ್ಲ.

ಆದ್ದರಿಂದ ಎಡ ಇಂಡಿಕೇಟರ್ ಹಾಕಿದ ಲಾರಿ ಬಲಕ್ಕೆ ಸರಿಯುವುದು ಕಂಡರೆ ನಂಬಬೇಕಾದದ್ದು ಇಂಡಿಕೇಟರನ್ನು. ಹಿಂದೆಯೇ ನಿಂತರೆ ಆರೇಳು ಸೆಕೆಂಡು ಹೋಗುತ್ತದೆ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಅವನಿಗೆ ನೀವೂ ಕಾಣುತ್ತಿಲ್ಲ. ಸೈಕಲ್ ತುಳಿಯುವ ಮಕ್ಕಳಿಗೆ ಈ ಒಂದು ಮಾತನ್ನಾದರೂ ಹೇಳಿಕೊಡಿ.

ನಮ್ಮ ಕಡೆಯ ಹೊಣೆ ಇದಕ್ಕಿಂತ ದೊಡ್ಡದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಓಡುತ್ತದೆ. ಮೊಬೈಲ್ ಕಡೆಗೆ ಎರಡು ಸೆಕೆಂಡು ಕಣ್ಣು ಹಾಯಿಸಿದರೆ 33 ಮೀಟರ್ ರಸ್ತೆಯನ್ನು ಕುರುಡಾಗಿ ದಾಟಿದ ಹಾಗೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಏರ್ ಬ್ರೇಕಿನಲ್ಲಿ ಕಾಲು ಒತ್ತಿದ ಮೇಲೆ ಗಾಳಿ ಚಕ್ರದವರೆಗೆ ತಲುಪಲು ಇನ್ನೂ ಒಂದು ಕ್ಷಣ ಬೇಕು. ಈ ಲೆಕ್ಕ ತಿಳಿದೂ ಲಾರಿಯನ್ನು ಮುಂದಿನ ಕಾರಿನ ಬಾಲಕ್ಕೆ ಅಂಟಿಸಿಕೊಂಡು ಓಡಿಸುವ ಚಾಲಕನನ್ನು ನಾನು ಒಳ್ಳೆಯ ಚಾಲಕ ಎಂದು ಒಪ್ಪುವುದಿಲ್ಲ, ಅವನ ಕೈ ಎಷ್ಟೇ ಪಳಗಿರಲಿ.

ರಾತ್ರಿಯ ತಪಾಸಣೆಯಲ್ಲಿ ಪೊಲೀಸರು ನಿಲ್ಲಿಸಿದರೆ ನಾನು ದೂರದಿಂದಲೇ ಹೆಡ್‌ಲೈಟನ್ನು ಡಿಮ್ ಮಾಡುತ್ತೇನೆ. ಆ ಬೆಳಕು ಅವರ ಕಣ್ಣಿಗೆ ಹೊಡೆದರೆ ಹಿಂದಿನಿಂದ ಬರುವ ಗಾಡಿ ಅವರಿಗೆ ಕಾಣುವುದಿಲ್ಲ. ಇಂಡಿಕೇಟರ್ ಹಾಕಿ, ನಿಧಾನಿಸಿ, ಪೂರ್ತಿ ಬದಿಗೆ ಬಂದು, ಎಂಜಿನ್ ಆರಿಸಿ, ಒಳದೀಪ ಹೊತ್ತಿಸುತ್ತೇನೆ. ಕೈ ಸ್ಟಿಯರಿಂಗ್ ಮೇಲಿರುತ್ತದೆ. ಕೇಳಿದ ಮೇಲೆ ಕಾಗದ ತೆಗೆಯುತ್ತೇನೆ. ಕತ್ತಲಲ್ಲಿ ಪರಿಚಯವಿಲ್ಲದ ಗಾಡಿಯ ಬಳಿಗೆ ನಡೆದುಬರುವವರಿಗೂ ಒಳಗೊಳಗೇ ಅಳುಕು ಇರುತ್ತದೆ. ಒಳಗೆ ಯಾರಿದ್ದಾರೆಂದು ಕಂಡರೆ ಅವರ ದನಿಯೂ ಮೆದುವಾಗುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಎಲ್ಲ ಪೊಲೀಸರೂ ಯಾವಾಗಲೂ ಸರಿ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಪ್ರವೇಶ ನಿಷೇಧದ ಫಲಕ ಮರದ ಕೊಂಬೆಯ ಹಿಂದೆ ಪೂರ್ತಿ ಮುಚ್ಚಿಹೋಗಿದ್ದ ರಸ್ತೆಯಲ್ಲಿ ನನಗೆ ದಂಡ ಬಿತ್ತು. ಹೇಳಿದರೂ ಅಲ್ಲಿದ್ದ ಅಧಿಕಾರಿ ಕೇಳಲಿಲ್ಲ, ಒರಟಾಗಿಯೇ ಮಾತನಾಡಿದರು. ಹೊಟ್ಟೆ ಉರಿದರೂ ನಡುರಸ್ತೆಯಲ್ಲಿ ಮಾತಿಗೆ ಮಾತು ಬೆಳೆಸಲಿಲ್ಲ; ನಿಂತ ಲಾರಿಯೇ ಅಲ್ಲಿ ಇನ್ನೊಂದು ಅಪಘಾತಕ್ಕೆ ಎಡೆ ಮಾಡಿಕೊಡುತ್ತಿತ್ತು. ರಸೀದಿ ಪಡೆದು, ಫಲಕದ ಫೋಟೊ ತೆಗೆದು, ದಿನ, ಹೊತ್ತು, ಜಾಗ ಬರೆದುಕೊಂಡು ಕಚೇರಿಗೆ ಲಿಖಿತ ದೂರು ಕೊಟ್ಟೆ. ದಂಡ ರದ್ದಾಯಿತು. ನನಗೆ ಅದಕ್ಕಿಂತ ಹೆಚ್ಚು ಸಮಾಧಾನ ತಂದದ್ದು ಆ ಕೊಂಬೆಯನ್ನು ಕಡಿದದ್ದು.

ಹೊಸ ಚಾಲಕ ನನ್ನ ಬಳಿ ಬಂದ ಮೊದಲ ದಿನ ಲಾರಿ ಅಂಗಳದಿಂದ ಹೊರಡುವುದಿಲ್ಲ. ಅವನನ್ನು ಸೀಟಿನಲ್ಲಿ ಕೂರಿಸಿ, ಕಿತ್ತಳೆ ಬಣ್ಣದ ಹೆಲ್ಮೆಟ್ ಹಾಕಿಕೊಂಡು ನಾನು ಗಾಡಿಯ ಸುತ್ತ ನಡೆಯುತ್ತೇನೆ. ನಾನು ಕಣ್ಮರೆಯಾದ ಕೂಡಲೇ ಹಾರ್ನ್ ಮಾಡಬೇಕು ಎಂದು ಹೇಳಿರುತ್ತೇನೆ. ಎಡಬದಿಯ ಮುಂಚಕ್ರದ ಬಳಿ ನಾನು ಕುಕ್ಕರುಗಾಲಿನಲ್ಲಿ ಕುಳಿತೊಡನೆ ಹಾರ್ನ್ ಕೇಳುತ್ತದೆ. ಆಗ ಏಳದೆ, ಕುಳಿತಲ್ಲಿಂದಲೇ ಕೈ ಚಾಚಿ ಎಡಬದಿಯ ಬಾಗಿಲನ್ನು ತಟ್ಟುತ್ತೇನೆ.