ಆರಿದ್ರಾ ಮಳೆಯಲ್ಲಿ ಝೇಲಂ ಕಾಳಗ

ಆರಿದ್ರಾ ಮಳೆ ಹಿಡಿಯಿತೆಂದರೆ ಸಾಗರದ ನಮ್ಮ ಮನೆಯಲ್ಲಿ ತೋಟದ ಕೆಲಸ ನಿಲ್ಲುತ್ತದೆ, ಕರೆಂಟೂ ಹೋಗುತ್ತದೆ. ಈ ವರ್ಷ ಅಂಥದ್ದೊಂದು ಭಾನುವಾರ ನಾನೂ ಅಕ್ಕನ ಮಗನೂ ಊಟದ ಮೇಜಿಗೆ ಹಸಿರು ಹೊದಿಕೆ ಹಾಸಿ, ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ನಡೆದ ಕಾಳಗವನ್ನು ಪುಟ್ಟ ಗೊಂಬೆ ಸೈನ್ಯಗಳಿಂದ ಹೂಡಿದೆವು. ಅವನು ಅಲೆಕ್ಸಾಂಡರ್, ನಾನು ಪುರು ರಾಜ.

ನಾವು ಆಡುವುದು 1990ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಡಿ.ಬಿ.ಎ. (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಎಂಬ ಯುದ್ಧದಾಟದ ನಿಯಮಾವಳಿಯಂತೆ. ಒಂದೊಂದು ಪಕ್ಷಕ್ಕೆ 12 ತುಕಡಿ. ಸರದಿ ಬಂದಾಗ ದಾಳ ಹಾಕಬೇಕು. ಬಿದ್ದಷ್ಟೇ ಅಪ್ಪಣೆ ಕೊಡಬಹುದು, ಉಳಿದವರು ನಿಂತಲ್ಲೇ. ದಂಡನಾಯಕನ ಕೂಗು ಎಲ್ಲರಿಗೂ ಮುಟ್ಟದ ಹಳೆಯ ರಣರಂಗದ ಕಷ್ಟವನ್ನು ಇಷ್ಟು ಸರಳವಾಗಿ ಹಿಡಿದ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಲಾಳು, ಕುದುರೆಗಳು ಲೋಹದ ಎರಕದವು, ಹೊರಗಿನಿಂದ ತರಿಸಿದ್ದು. ಆನೆಗಳು ಮಾತ್ರ ನಮ್ಮೂರಿನವು. ಗುಡಿಗಾರ ಗೆಳೆಯನೊಬ್ಬ ಶಿವನೆ ಮರದಲ್ಲಿ ಕೆತ್ತಿಕೊಟ್ಟದ್ದು, ಒಂದೊಂದೂ ಹೆಬ್ಬೆರಳಿನ ಗಾತ್ರ. ಮಾವುತನ ಕಾಲ್ಬೆರಳು ಆನೆಯ ಕಿವಿಯ ಹಿಂದೆ ಒತ್ತಿರುವುದು ಕೂಡ ಕಾಣುತ್ತದೆ. ಸಕ್ರೆಬೈಲಿನ ಬಿಡಾರದಲ್ಲಿ ಗಂಟೆಗಟ್ಟಲೆ ನೋಡುತ್ತ ಕುಳಿತವನಿಗೇ ಅಂಥ ಉಳಿ ಹಿಡಿಯಲು ಸಾಧ್ಯ.

ಗ್ರೀಕ್ ಇತಿಹಾಸಕಾರ ಅರಿಯನ್ ಕೊಡುವ ಲೆಕ್ಕದಲ್ಲಿ ಪುರುವಿನ ಬಳಿ 30,000 ಕಾಲಾಳು, 4,000 ಕುದುರೆ, 300 ರಥ, 200 ಆನೆ. ಆನೆಗಳನ್ನು ಸುಮಾರು ನೂರು ಅಡಿಗೊಂದರಂತೆ ಮುಂದೆ ನಿಲ್ಲಿಸಿ, ಹಿಂದೆ ಕಾಲಾಳುಗಳನ್ನು ಇಟ್ಟಿದ್ದ. ಅಲೆಕ್ಸಾಂಡರ್ ನದಿ ದಾಟಿದ್ದು ಗುಡುಗು ಮಳೆಯ ರಾತ್ರಿಯಲ್ಲಿ. ಆ ಆರ್ಭಟದಲ್ಲಿ ಆಯುಧಗಳ ಸದ್ದಾಗಲಿ ಅಪ್ಪಣೆಯ ಕೂಗಾಗಲಿ ಆಚೆ ದಡಕ್ಕೆ ಕೇಳಲಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದಾಗ ಎದುರು ಕುಳಿತವನ ಮಾತೇ ನಮಗೆ ಕೇಳುತ್ತಿರಲಿಲ್ಲ. ಅರಿಯನ್ ಬರೆದದ್ದನ್ನು ನಂಬಲು ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಚರ್ಚೆ ಹುಟ್ಟಿದ್ದು ಕೆಸರಿನ ವಿಷಯಕ್ಕೆ. “ಕೆಸರೆಂದರೆ ವೇಗ ಅರ್ಧ, ಅಷ್ಟೇ ಅಲ್ಲವೇ ಮಾವ?” ಎಂದ. ನಾನು ಒಪ್ಪಲಿಲ್ಲ. ಪುರುವಿನ ಮಗ ಮುಂದಾಗಿ ಒಯ್ದ ರಥಗಳು ಕೆಸರಿನಿಂದಾಗಿ ಕೆಲಸಕ್ಕೆ ಬಾರದೆ ವೈರಿಗಳ ಕೈಸೇರಿದವು. ಬಿಲ್ಲಿನ ಕಥೆ ಇನ್ನೂ ಕಷ್ಟದ್ದು. ಆಗಿನ ಭಾರತೀಯ ಬಿಲ್ಲು ಆಳೆತ್ತರದ್ದು. ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹೆದೆ ಎಳೆಯಬೇಕಿತ್ತು. ಜಾರುವ ನೆಲದಲ್ಲಿ ಅದನ್ನು ಊರಲಾಗಲಿಲ್ಲ ಎಂದು ರೋಮನ್ ಇತಿಹಾಸಕಾರ ಕರ್ಟಿಯಸ್ ಬರೆದಿದ್ದಾನೆ.

ಹುಡುಗ ಸುಮ್ಮನಾಗುವವನಲ್ಲ. ಕೊಟ್ಟಿಗೆಯಿಂದ ಬಿದಿರಿನ ದಬ್ಬೆ ತಂದು, ನೈಲಾನ್ ಹಗ್ಗ ಬಿಗಿದು, ತನ್ನೆತ್ತರದ ಬಿಲ್ಲು ಮಾಡಿದ. ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಇಳಿದೆವು. ಪಾಚಿಗಟ್ಟಿದ ನೆಲದ ಮೇಲೆ ಬಿಲ್ಲಿನ ತುದಿ ಇಟ್ಟು ಕಾಲಿನಿಂದ ಒತ್ತಿದ್ದೇ ತಡ, ತುದಿ ಸರ್ರನೆ ಜಾರಿ ಮುಂದೆ ಹೋಯಿತು. ತೋಟದ ಅಂಚಿನ ಮೆತ್ತನೆ ಮಣ್ಣಿನಲ್ಲಿ ಜಾರಲಿಲ್ಲ, ಬದಲಿಗೆ ಗೇಣುದ್ದ ಒಳಗಿಳಿಯಿತು; ಕಿತ್ತು ತೆಗೆಯುವುದರೊಳಗೆ ಕುದುರೆ ಸವಾರ ಮೈಮೇಲೆ ಬಂದಿರುತ್ತಿದ್ದ. ಕೊಟ್ಟಿಗೆಯ ಒಣ ನೆಲದಲ್ಲಿ ಮಾತ್ರ ಬಿಲ್ಲು ಗಟ್ಟಿಯಾಗಿ ನಿಂತಿತು, ಹೆದೆ ಎದೆಯವರೆಗೆ ಬಂತು. ಒಳಗೆ ಬಂದು ಹೊಸ ನಿಯಮ ಬರೆದೆವು: ಮಳೆಯಲ್ಲಿ ಬಿಲ್ಲುಗಾರರು ಸರದಿ ಬಿಟ್ಟು ಸರದಿ ಬಾಣ ಬಿಡಬೇಕು, ರಥ ಹಿಂದೆ ಸರಿಯಬೇಕಾಗಿ ಬಂದರೆ ವೈರಿಯ ವಶ.

ಆ ನಿಯಮದಂತೆ ಆಡಿದಾಗ ನಾನು ಬೇಗನೆ ಸೋತೆ. ಹಾಗಾದರೆ ಪುರುವನ್ನು ಸೋಲಿಸಿದ್ದು ಮಳೆಯೇ? ಊಟ ಮುಗಿಸಿ ಒಣ ನೆಲದ ಲೆಕ್ಕದಲ್ಲಿ ಮತ್ತೆ ಹೂಡಿದೆವು. ಈ ಸಲ ನನ್ನ ಬಾಣಗಳು ಎದುರಿನ ಸಾಲನ್ನು ಸಾಕಷ್ಟು ಕಾಡಿದವು. ಆದರೂ ಅವನ ಕುದುರೆಗಳು ಬಳಸಿಕೊಂಡು ಬೆನ್ನಿಗೆ ಬಂದವು. ನಮ್ಮ ನಿಯಮದಲ್ಲಿ ಹಿಮ್ಮೆಟ್ಟಿದ ಆನೆ ಹಿಂದಿರುವ ಸ್ವಂತ ತುಕಡಿಯನ್ನೇ ತುಳಿಯುತ್ತದೆ. ಝೇಲಂ ದಡದಲ್ಲೂ ಮಾವುತರು ಸತ್ತ ಮೇಲೆ ಆನೆಗಳು ತಮ್ಮವರು, ಪರರು ಎನ್ನದೆ ತುಳಿದವು. ಮಳೆ ಪುರುವಿನ ಸೋಲನ್ನು ಹತ್ತಿರ ತಂದಿರಬಹುದು, ಆದರೆ ಮೂಲ ಕಾರಣ ಕುದುರೆದಳದ ಕೊರತೆಯೆಂದೇ ನನ್ನ ತೀರ್ಮಾನ.

ಒಂದು ವಿಷಯ ಮಾತ್ರ ನನಗೆ ಸಹಿಸಲಾಗಲಿಲ್ಲ. ದಾಳ ಕೈಕೊಟ್ಟಿತೆಂದು ಪುರುವಿನ ಆನೆಯೂ ಬೆನ್ನು ತಿರುಗಿಸಬೇಕಾಯಿತು. ಬಲ ಭುಜಕ್ಕೆ ಗಾಯವಾಗುವವರೆಗೂ ಆನೆಯ ಮೇಲೆ ಕುಳಿತು ಕಾದಾಡಿದವನು ಅವನು. ಸೈನ್ಯದ ಒಂದು ಭಾಗ ನಿಂತಿರುವಷ್ಟು ಹೊತ್ತೂ ಕಣ ಬಿಡಲಿಲ್ಲ. ಅದನ್ನು ಹೇಳಿದಾಗ ಹುಡುಗ ವಾದಿಸಲಿಲ್ಲ. ಗೆದ್ದವನು ತಾನೇ ಆಗಿದ್ದರೂ ನೋಟ್‌ಬುಕ್ ಎಳೆದುಕೊಂಡು, ಮಳೆಯ ನಿಯಮದ ಕೆಳಗೆ ಬರೆದ: “ಪಕ್ಕದಲ್ಲಿ ತನ್ನ ಒಂದು ತುಕಡಿ ಇರುವವರೆಗೆ ಪುರುವಿನ ಆನೆ ಹಿಂದೆ ಸರಿಯುವುದಿಲ್ಲ.”