ರವೆನ್ನಾದಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ

ಇಟಲಿಯ ಬೊಲೋನ್ಯಾದಿಂದ ರವೆನ್ನಾಗೆ ರೈಲಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು. ಇಷ್ಟು ಹತ್ತಿರ ಎಂದೇ ಅನೇಕರು ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡುತ್ತಾರೆ. ನಾನೂ ಅಮ್ಮನೂ ಎರಡು ರಾತ್ರಿ ಉಳಿದೆವು. ಹೋಗುವ ಯೋಚನೆಯಲ್ಲಿರುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಈ ಊರಿನ ಚರ್ಚುಗಳನ್ನು ಓಡುತ್ತಾ ನೋಡಲಾಗದು.

ಕ್ರಿ.ಶ. 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯಾದ ಊರು ಇದು. ಆದರೂ ಹೊರಗಿನಿಂದ ಕಾಣುವುದು ಬರೀ ಇಟ್ಟಿಗೆ ಗೋಡೆ. ವೈಭವವೆಲ್ಲ ಒಳಗೆ, ಬಣ್ಣದ ಗಾಜು, ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್‌ನಲ್ಲಿದೆ. ರೋಮನ್ ರಾಣಿ ಗಾಲಾ ಪ್ಲಾಚಿದಿಯಾ ಹೆಸರಿನ ಸಮಾಧಿಮಂದಿರವಂತೂ ನಮ್ಮ ಊರಿನ ಸಣ್ಣ ಗುಡಿಯಷ್ಟೇ ಇದೆ. ಕಿಟಕಿಗಳಿಗೆ ಅಲಬಾಸ್ಟರ್ ಕಲ್ಲಿನ ತೆಳು ಹಲಗೆ. ಅದರಿಂದ ಸೋಸಿ ಬರುವ ಜೇನುಬಣ್ಣದ ಬೆಳಕಿಗೆ ಕಣ್ಣು ಒಗ್ಗಲು ಒಂದೆರಡು ನಿಮಿಷ ಬೇಕು. ಆಮೇಲೆ ತಲೆಯ ಮೇಲಿನ ಕಡುನೀಲಿಯಲ್ಲಿ ಚಿನ್ನದ ನಕ್ಷತ್ರಗಳು ಒಂದೊಂದಾಗಿ ಮೂಡುತ್ತವೆ. ಒಳಗೆ ಇರಲು ಬಿಡುವುದು ಐದೇ ನಿಮಿಷ. ಹಾಗಾಗಿ ಒಳಹೋಗುವ ಮೊದಲು ನೆರಳಿನಲ್ಲಿ ನಿಂತಿರಿ, ಮೊಬೈಲ್ ನೋಡಬೇಡಿ. ಇದಕ್ಕೂ ಕ್ರೈಸ್ತರ ದೀಕ್ಷಾಸ್ನಾನದ ಮಂದಿರವಾದ ನಿಯೋನಿಯನ್ ಬ್ಯಾಪ್ಟಿಸ್ಟರಿಗೂ ಟಿಕೆಟ್ ಕೊಳ್ಳುವಾಗಲೇ ವೇಳೆ ಕಾದಿರಿಸಬೇಕು. ಪಕ್ಕದಲ್ಲೇ ಇರುವ, 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಚರ್ಚಿನಲ್ಲಿ ಅಂಥ ಅವಸರವಿಲ್ಲ. ಜಸ್ಟಿನಿಯನ್ ದೊರೆ ಮತ್ತು ರಾಣಿ ಥಿಯೊಡೋರಾ ಎದುರುಬದುರಾಗಿ ನಿಂತಿರುವ ಮೊಸಾಯಿಕ್ ಚಿತ್ರಗಳನ್ನು ಕುಳಿತೇ ನೋಡಬಹುದು. ಭುಜ, ಮಂಡಿ ಮುಚ್ಚುವ ಉಡುಪು ಇರಲಿ.

ಇನ್ನು ಊಟ. ಮೊದಲ ದಿನ ಮಧ್ಯಾಹ್ನ ಮೂರಕ್ಕೆ ಒಂದು ಹೋಟೆಲಿಗೆ ಹೋದರೆ ಅಡುಗೆಮನೆ ಮುಚ್ಚಿತ್ತು. ಎರಡೂವರೆಯ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಏಳೂವರೆಯ ಸುಮಾರಿಗೆ. ಅಮ್ಮನಿಗೆ ಹಸಿವು ತಡೆಯದು. ನಮ್ಮನ್ನು ಕಾಪಾಡಿದ್ದು ಪಿಯಾದಿನಾ ಎಂಬ ರೊಟ್ಟಿಯ ಅಂಗಡಿ. ಮೈದಾಹಿಟ್ಟನ್ನು ಚಪಾತಿಗಿಂತ ದಪ್ಪವಾಗಿ ಲಟ್ಟಿಸಿ, ಬಿಸಿ ಕಾವಲಿಯ ಮೇಲೆ ಹಾಕಿ, ಉಬ್ಬಿದಲ್ಲೆಲ್ಲ ಫೋರ್ಕಿನಿಂದ ಚುಚ್ಚುತ್ತಾ ಬೇಯಿಸುತ್ತಾರೆ. ಒಳಗೆ ಸ್ಕ್ವಾಕ್ವೆರೋನೆ ಎಂಬ ಮೆದು ಚೀಸ್, ಮೇಲಿಷ್ಟು ಕಾರವಾದ ರುಕೋಲಾ ಸೊಪ್ಪು. ಮಡಚಿ ಕೈಗೆ ಕೊಟ್ಟಾಗ ಚೀಸ್ ಅಂಚಿನಿಂದ ಜಿನುಗುತ್ತಿರುತ್ತದೆ.

ಸಸ್ಯಾಹಾರಿಗಳು ಇಲ್ಲಿ ಎಚ್ಚರವಾಗಿರಬೇಕು. ಸಾಂಪ್ರದಾಯಿಕ ಪಿಯಾದಿನಾದ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುತ್ತಾರೆ. ಅದಕ್ಕೆ ಅವರ ಮಾತಿನಲ್ಲಿ 'ಸ್ಟ್ರುತ್ತೊ' ಎನ್ನುತ್ತಾರೆ. ಒಳಗೆ ಚೀಸ್ ಮಾತ್ರ ಇದ್ದರೂ ಇದನ್ನು ಕೇಳದೆ ತಿನ್ನಬೇಡಿ. ಆಲಿವ್ ಎಣ್ಣೆಯಲ್ಲಿ ಕಲಸಿದ್ದು ಬಹಳ ಅಂಗಡಿಗಳಲ್ಲಿ ಸಿಗುತ್ತದೆ. ಅಮ್ಮನೂ ಅದನ್ನೇ ತಿಂದರು. ಇಲ್ಲಿನ ಕಪ್ಪೆಲೆತ್ತಿ ಪಾಸ್ತಾಕ್ಕೆ ಹಲವೆಡೆ ಚೀಸ್ ಮಾತ್ರ ತುಂಬುತ್ತಾರೆ, ಆದರೆ ಬಡಿಸುವುದು ಮಾಂಸದ ಸಾರಿನಲ್ಲಿ. ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಮಾಡಿಕೊಡಿ ಎಂದು ಕೇಳಿದೆವು, ಸಂತೋಷದಿಂದ ಮಾಡಿಕೊಟ್ಟರು. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗಿಷ್ಟು ಸೇರಿಸಿರುತ್ತಾರೆ. ಅದು ಮೋಸವಲ್ಲ, ಅಲ್ಲಿಯ ಪದ್ಧತಿ.

ಎರಡನೆಯ ದಿನ ಬೆಳಿಗ್ಗೆ ಸಾಂತ್ ಅಪೊಲಿನಾರೆ ನುವೊವೊ ಚರ್ಚು. ಗಾಥ್ ಜನಾಂಗದ ದೊರೆ ಥಿಯೊಡೊರಿಕ್ ಕಟ್ಟಿಸಿದ್ದು. ಒಳಹೊಕ್ಕ ಕೂಡಲೇ ಬಲಗೋಡೆಯ ಮೇಲೆ ಅವನ ಅರಮನೆಯ ಚಿತ್ರವಿದೆ. ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಆಳ್ವಿಕೆ ಬಂದಾಗ ಅದರಲ್ಲಿದ್ದ ಮನುಷ್ಯರನ್ನೆಲ್ಲ ಕಿತ್ತು, ಆ ಜಾಗಕ್ಕೆ ಪರದೆಗಳನ್ನು ಜೋಡಿಸಿದರು. ಆದರೆ ಕಂಬಗಳನ್ನು ನಿಟ್ಟಿಸಿ ನೋಡಿ. ಅಳಿಸಿಹೋದವರ ಕೈಗಳು, ಬೆರಳುಗಳು ಬಿಳಿ ಕಂಬಗಳ ಮೇಲೆ ಹಾಗೆಯೇ ಉಳಿದಿವೆ! ನನ್ನ ಮೈ ಜುಮ್ಮೆಂದಿತು. ಚಿತ್ರ ಎತ್ತರದಲ್ಲಿದೆ, ಸಣ್ಣ ದುರ್ಬೀನು ಇದ್ದರೆ ಒಯ್ಯಿರಿ. ಊರಾಚೆಯ ಕ್ಲಾಸ್ಸೆಯ ಚರ್ಚಿಗೆ ಬಸ್ಸಿದೆ. ಹಸಿರು ಹುಲ್ಲುಗಾವಲು, ಬಿಳಿ ಕುರಿಗಳ ಆ ಮೊಸಾಯಿಕ್‌ಗಾಗಿ ಅರ್ಧ ದಿನ ಎತ್ತಿಡಿ.

ಇಟಲಿಯ ಮಹಾಕವಿ ಡಾಂಟೆಯ ಸಮಾಧಿಯ ಪಕ್ಕದ ಸಾನ್ ಫ್ರಾಂಚೆಸ್ಕೊ ಚರ್ಚಿಗೆ ಹೋಗುವಾಗ ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ಅದರ ನೆಲಮಾಳಿಗೆಯಲ್ಲಿ ಅಂತರ್ಜಲ ನಿಂತಿದೆ, ನೀರಿನಡಿಯಲ್ಲಿ ಹಳೆಯ ಮೊಸಾಯಿಕ್ ನೆಲ. ನಾಣ್ಯ ಹಾಕಿದರೆ ದೀಪ ಹೊತ್ತುತ್ತದೆ; ಬಂಗಾರದ ಬಣ್ಣದ ಮೀನುಗಳು ಆ ನೆಲದ ಮೇಲೆ ತೇಲಾಡುತ್ತವೆ. ದೀಪ ಆರಿದಾಗ ಅಮ್ಮ ಕೈ ಚಾಚಿದರು.

"ಇನ್ನೊಂದು ಕೊಡೇ, ಸರಿಯಾಗಿ ನೋಡಲೇ ಇಲ್ಲ."